ಉದ್ದ ಬೈಕ್ ಸವಾರಿ ಮುಗಿದ ಮೇಲಿನ ಮೈಕೈ ನೋವಿಗೆ

ದಿನವಿಡೀ ಬೈಕ್ ಓಡಿಸಿ ಬಂದು ಸ್ಟ್ಯಾಂಡ್ ಹಾಕಿದ ಕೂಡಲೇ ಮೈ ಬೇಡುವುದು ಒಂದೇ, ಎಲ್ಲಾದರೂ ದೊಪ್ಪೆಂದು ಬಿದ್ದುಕೊಳ್ಳಬೇಕು ಅಂತ. ಅದೊಂದನ್ನು ಹತ್ತು ನಿಮಿಷ ಮುಂದಕ್ಕೆ ಹಾಕಿ. ಏಳೆಂಟು ಗಂಟೆ ಮಡಚಿಕೊಂಡೇ ಇದ್ದ ಸೊಂಟ ಮತ್ತು ಮಂಡಿಯನ್ನು ತಕ್ಷಣ ಸೋಫಾದಲ್ಲಿ ಮತ್ತೆ ಮಡಚಿ ಕೂರಿಸಿದರೆ ಅವು ಹಾಗೇ ಬಿಗಿದುಕೊಳ್ಳುತ್ತವೆ, ಒಂದು ಗಂಟೆ ಬಿಟ್ಟು ಏಳಲು ಹೋದಾಗ ಅಯ್ಯಪ್ಪಾ ಅನ್ನಿಸುತ್ತದೆ. ಶೂ, ಜಾಕೆಟ್, ಗ್ಲೌಸ್ ತೆಗೆದು, ಕೈ ಸಡಿಲವಾಗಿ ಬೀಸಿಕೊಂಡು ಅಂಗಳದಲ್ಲೋ ಮನೆಯೊಳಗೋ ನಡೆಯಿರಿ. ನಡುವೆ ಒಂದೆಡೆ ನಿಂತು ಹಿಮ್ಮಡಿಯನ್ನು ಇಪ್ಪತ್ತು ಸಲ ಮೇಲಕ್ಕೆತ್ತಿ ಇಳಿಸಿ; ಮೀನಖಂಡದಲ್ಲಿ ನಿಂತುಹೋದ ರಕ್ತ ಮೇಲಕ್ಕೆ ಹೋಗಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಹೆಗಲನ್ನು ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ. ಆಮೇಲೆ ಎರಡೂ ಅಂಗೈಯನ್ನು ಸೊಂಟದ ಹಿಂದೆ ಇಟ್ಟು ನಿಧಾನವಾಗಿ ಐದು ಸಲ ಹಿಂದಕ್ಕೆ ಬಾಗಿ. ಮುಂದಕ್ಕೆ ಬಾಗಿ ಕಾಲ್ಬೆರಳು ಮುಟ್ಟುವ ಸಾಹಸ ಮಾತ್ರ ಈಗ ಬೇಡ. ಬೆನ್ನು ಇಡೀ ದಿನ ಮುಂದಕ್ಕೇ ಬಾಗಿ ದಣಿದಿದೆ, ಅದನ್ನೇ ಇನ್ನಷ್ಟು ಎಳೆದರೆ ಹಿಡಿದುಕೊಳ್ಳುತ್ತದೆ.

ಕೂತೇ ಬಂದದ್ದಲ್ಲವೇ, ಇಷ್ಟು ನೋವು ಯಾಕೆ ಎಂದು ಹಲವರು ಕೇಳುತ್ತಾರೆ. ಕೂತದ್ದೇ ಕಾರಣ. ನಡೆಯುವಾಗ ಸ್ನಾಯು ಬಿಗಿಯುತ್ತದೆ, ಸಡಿಲುತ್ತದೆ, ಆ ಪಂಪಿಂಗಿನಲ್ಲಿ ರಕ್ತ ಹರಿಯುತ್ತದೆ. ಬೈಕ್ ಮೇಲೆ ಕತ್ತು, ಹೆಗಲು, ಮುಂಗೈ, ಸೊಂಟ ಒಂದೇ ಭಂಗಿಯಲ್ಲಿ ಬಿಗಿಹಿಡಿದೇ ಇರುತ್ತವೆ. ಬಿಗಿದ ಸ್ನಾಯುವಿನೊಳಗೆ ರಕ್ತ ಸರಿಯಾಗಿ ಹೋಗುವುದಿಲ್ಲ. ಅದರ ಮೇಲೆ ಎಂಜಿನ್ನಿನ ನಡುಕ, ಎದೆಗೆ ಹೊಡೆಯುವ ಗಾಳಿ, ಗುಂಡಿಗಳ ಏಟು. ಇಳಿದ ದಿನದ ನೋವು ಹೆಚ್ಚಾಗಿ ಬಿಗಿತದ್ದು. ಮಾರನೇ ದಿನದಿಂದ ಶುರುವಾಗಿ ಮೂರನೇ ದಿನದವರೆಗೂ ಕಾಡುವುದು ಸ್ನಾಯುವಿನ ಎಳೆಗಳಿಗೆ ಆದ ಸಣ್ಣಪುಟ್ಟ ಗಾಯದ್ದು. ಹಾಗಾಗಿ ಮೊದಲ ರಾತ್ರಿಗಿಂತ ಎರಡನೇ ದಿನ ಹೆಚ್ಚು ನೋಯ್ದರೆ ಗಾಬರಿ ಬೇಡ, 24ರಿಂದ 72 ಗಂಟೆಯೊಳಗೆ ಅದು ತುದಿ ಮುಟ್ಟಿ ಇಳಿಯುತ್ತದೆ.

ಸ್ನಾನಕ್ಕೆ ಹೋಗುವ ಮುಂಚೆ ನೀರು ಕುಡಿಯಿರಿ. ಈ ಕ್ರಮ ತಲೆಕೆಳಗಾಗಬಾರದು. ಗಾಳಿಗೆ ಬೆವರು ಆಗಲೇ ಆರಿಹೋಗುವುದರಿಂದ ಬೈಕಿನಲ್ಲಿ ಎಷ್ಟು ನೀರು ಕಳೆದುಕೊಂಡಿರಿ ಎಂಬುದು ತಿಳಿಯುವುದೇ ಇಲ್ಲ. ನೀರಿಳಿದ ಮೈಗೆ ಬಿಸಿನೀರು ಬಿದ್ದರೆ ರಕ್ತನಾಳ ಅಗಲವಾಗಿ ರಕ್ತದೊತ್ತಡ ಇಳಿದು ಬಚ್ಚಲಲ್ಲೇ ಕಣ್ಣು ಕತ್ತಲೆ ಬರಬಹುದು. ಒಂದೆರಡು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿದು ಕಾಲು ಗಂಟೆ ಬಿಡಿ. ಬಿಸಿಲಲ್ಲಿ ಬಂದಿದ್ದರೆ, ಸ್ನಾಯು ಸೆಳೆತ ಇದ್ದರೆ, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಸಮತಟ್ಟು ಟೀ ಚಮಚ ಉಪ್ಪು ಕಲಸಿ ಸಂಜೆಯಿಡೀ ಕುಡಿಯಿರಿ. ಉಪ್ಪು ಕೈ ತಪ್ಪಿ ಹೆಚ್ಚಾದರೆ ಚೆಲ್ಲಿ ಬೇರೆ ಮಾಡಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಬರೀ ನೀರೇ ಸಾಕು. ಮೂತ್ರ ತಿಳಿ ಹಳದಿಗೆ ತಿರುಗಿತೆಂದರೆ ನೀರು ಸಾಕಷ್ಟು ಸೇರಿತು ಎಂದರ್ಥ. ಆ ರಾತ್ರಿ ಮದ್ಯ ಬೇಡ. ಅದು ಇರುವ ನೀರನ್ನೂ ಹೊರಹಾಕುತ್ತದೆ, ನಿದ್ದೆಯನ್ನೂ ಕೆಡಿಸುತ್ತದೆ.

ಸ್ನಾನದ ನೀರು ಹದವಾಗಿ ಬಿಸಿಯಿರಲಿ, ಸುಡುವುದು ಬೇಡ. ಕತ್ತಿನ ಹಿಂಭಾಗಕ್ಕೆ, ಹೆಗಲಿಗೆ, ಸೊಂಟಕ್ಕೆ ನಿಧಾನವಾಗಿ ಸುರಿದುಕೊಳ್ಳಿ. ನೀರಿಗೆ ಉಪ್ಪು ಹಾಕುವವರಿದ್ದಾರೆ, ಹಾಕಿದರೆ ನಷ್ಟವಿಲ್ಲ, ಆದರೆ ಕೆಲಸ ಮಾಡುವುದು ಕಾವೇ ಹೊರತು ಉಪ್ಪಲ್ಲ. ಶಾಖ ಕೊಡಬೇಕೋ ತಣ್ಣನೆ ಪಟ್ಟಿಯೋ ಎಂಬ ಗೊಂದಲಕ್ಕೆ ಒಂದು ಅಳತೆ ಇದೆ. ಬಿಗಿದ, ಗಂಟು ಕಟ್ಟಿದ ಸ್ನಾಯುವಿಗೆ ಶಾಖ. ಊದಿದ, ಮುಟ್ಟಿದರೆ ಬಿಸಿ ಎನ್ನಿಸುವ, ಏಟು ಬಿದ್ದ ಜಾಗಕ್ಕೆ ಮೊದಲ ಎರಡು ದಿನ ತಂಪು. ಎರಡೂ ಒಂದು ಸಲಕ್ಕೆ 15ರಿಂದ 20 ನಿಮಿಷ, ನಡುವೆ ಬಟ್ಟೆ ಇರಲೇಬೇಕು. ಬಿಸಿನೀರಿನ ರಬ್ಬರ್ ಚೀಲಕ್ಕೆ ಕುದಿಯುವ ನೀರು ಹಾಕಬೇಡಿ, ಮೂರರಲ್ಲಿ ಎರಡು ಪಾಲು ತುಂಬಿ, ಒಳಗಿನ ಗಾಳಿ ಒತ್ತಿ ಹೊರಹಾಕಿ ಮುಚ್ಚಳ ಬಿಗಿ ಮಾಡಿ. ಅದರ ಮೇಲೆ ಮಲಗಿ ನಿದ್ದೆ ಹೋಗಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಕಾಲಿಗೆ ಶಾಖವೇ ಕೊಡಬಾರದು, ಸುಟ್ಟರೂ ಗೊತ್ತಾಗುವುದಿಲ್ಲ.

ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಕೊಟ್ಟು ಚರ್ಮ ಸುಟ್ಟುಕೊಳ್ಳುವುದು ಬಹಳ ಮನೆಗಳಲ್ಲಿ ಆಗುವ ತಪ್ಪು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಉಜ್ಜಿದರೆ ಗಿರಗಿರ ಬಿಸಿಯಾಗಬೇಕೆಂದೇನೂ ಇಲ್ಲ, ತೆಳುವಾಗಿ ಸವರಿ ಕೈ ತೊಳೆಯಿರಿ, ಆ ಕೈ ಕಣ್ಣಿಗೆ ಹೋಗದಿರಲಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಘಮ್ಮೆನ್ನುವ ಮುಲಾಮುಗಳನ್ನು ವೈದ್ಯರನ್ನು ಕೇಳದೆ ಹಚ್ಚಬಾರದು. ಮಾತ್ರೆಯೇ ಬೇಕೆನಿಸಿದರೆ ದೊಡ್ಡವರಿಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಮತ್ತೊಂದಕ್ಕೆ ಕನಿಷ್ಠ ಆರು ಗಂಟೆ ಅಂತರ. ಪಿತ್ತಜನಕಾಂಗದ ತೊಂದರೆ ಇರುವವರಿಗೆ ಇದೂ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವನ್ನು ಬಂದಿಳಿದ ಕೂಡಲೇ ನುಂಗಬೇಡಿ. ಮೈಯಲ್ಲಿ ನೀರಿಲ್ಲದಾಗ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ಖಾಲಿ ಹೊಟ್ಟೆಯಲ್ಲಿ ಹೊಟ್ಟೆಯನ್ನೂ ಸುಡುತ್ತವೆ.

ಈಗ ಕೈಗೆ ಬರೋಣ, ಸವಾರರು ಹೆಚ್ಚು ಅಲಕ್ಷ್ಯ ಮಾಡುವುದು ಇದನ್ನೇ. ಇಳಿದ ಮೇಲೂ ಅಂಗೈ ಗುಂಯ್ ಎನ್ನುತ್ತಿರುತ್ತದೆ, ಬೆರಳು ಜೋಮು ಹಿಡಿದಿರುತ್ತದೆ. ಯಾವ ಬೆರಳು ಎಂದು ನೋಡಿಕೊಳ್ಳಿ. ಕಿರುಬೆರಳು, ಉಂಗುರದ ಬೆರಳಾದರೆ ಅಂಗೈಯ ಹೊರಬದಿಯ ದಿಂಬಿನ ಮೇಲೆ ಮೈಭಾರ ಬಿದ್ದು ಅಲ್ಲಿನ ನರ ಒತ್ತಿಹೋಗಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮಣಿಕಟ್ಟು ಗಂಟೆಗಟ್ಟಲೆ ಮಡಚಿಕೊಂಡಿತ್ತು. ಬಲಗೈಯೇ ಹೆಚ್ಚು ನೋಯುವುದು ಆಕ್ಸಿಲರೇಟರ್ ಹಿಡಿದದ್ದರಿಂದ. ಬೆರಳನ್ನೆಲ್ಲ ಅಗಲಕ್ಕೆ ಚಾಚಿ ಐದು ಸೆಕೆಂಡ್ ಹಿಡಿಯಿರಿ, ಸಡಿಲ ಮುಷ್ಟಿ ಮಾಡಿ, ಹೀಗೆ ಹತ್ತು ಸಲ. ತೋಳು ನೇರ ಮುಂದಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಕೆಳಕ್ಕೆ 20 ಸೆಕೆಂಡ್ ಮಡಚಿ, ಆಮೇಲೆ ಮೇಲಕ್ಕೆ 20 ಸೆಕೆಂಡ್. ಕೊನೆಗೆ ಐದೂ ಬೆರಳ ತುದಿಗೆ ಸುತ್ತ ಒಂದು ರಬ್ಬರ್ ಬ್ಯಾಂಡ್ ಹಾಕಿ 15 ಸಲ ಬಿಡಿಸಿ. ದಿನವಿಡೀ ಹಿಡಿಯುವ ಸ್ನಾಯುಗಳಷ್ಟೇ ದುಡಿದಿವೆ, ಬಿಡಿಸುವ ಸ್ನಾಯುಗಳಿಗೂ ಕೆಲಸ ಕೊಟ್ಟರೆ ಮುಂಗೈಯ ಬಿಗಿತ ಬೇಗ ಇಳಿಯುತ್ತದೆ. ಜೋಮು ಕೆಲವು ಗಂಟೆಯಲ್ಲಿ ಹೋಗಬೇಕು. ಮಾರನೇ ದಿನವೂ ಉಳಿದರೆ, ರಾತ್ರಿ ಜೋಮಿಗೆ ಎಚ್ಚರವಾದರೆ, ಲೋಟ ಜಾರಿ ಬಿದ್ದರೆ ವೈದ್ಯರಿಗೆ ತೋರಿಸಿ, ನರವನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದು ಸುಲಭವಾಗಿ ಮರಳುವುದಿಲ್ಲ.

ಕತ್ತಿಗೆ ಭಾರ ಹೆಲ್ಮೆಟ್ಟಿನದು, ಒಂದೂವರೆ ಕಿಲೋ ಆಸುಪಾಸು; ಅದಕ್ಕಿಂತ ಹೆಚ್ಚು ಕಾಡುವುದು ಅದಕ್ಕೆ ಬಡಿಯುವ ಗಾಳಿ. ಗೋಡೆಗೆ ಬೆನ್ನು, ತಲೆ ಆನಿಸಿ ನಿಂತು ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳಿ. ಕೆಳಕ್ಕಲ್ಲ, ನೇರ ಹಿಂದಕ್ಕೆ. ಐದು ಸೆಕೆಂಡಿನಂತೆ ಹತ್ತು ಸಲ. ಆಮೇಲೆ ಕಿವಿಯನ್ನು ಹೆಗಲ ಕಡೆ ವಾಲಿಸಿ ಪ್ರತಿ ಬದಿ ಅರ್ಧ ನಿಮಿಷ. ಕತ್ತನ್ನು ಗರಗರ ಸುತ್ತಿಸುವುದು, ಯಾರಿಂದಲೋ ಲಟಕ್ಕೆಂದು ಮುರಿಸಿಕೊಳ್ಳುವುದು ಖಂಡಿತ ಬೇಡ. ಕತ್ತು ಎರಡೂ ಬದಿಗೆ ಸಲೀಸಾಗಿ ತಿರುಗುವವರೆಗೆ ಮತ್ತೆ ಗಾಡಿ ಹತ್ತಬೇಡಿ, ಹಿಂದೆ ಬರುವ ವಾಹನ ನೋಡಲಾಗದೆ ಅಪಘಾತವಾಗುತ್ತದೆ.

ಸೊಂಟಕ್ಕೆ ಎಲ್ಲಕ್ಕಿಂತ ಒಳ್ಳೆಯದು ಏನೂ ಮಾಡದಂತೆ ಕಾಣುವ ಒಂದು ಭಂಗಿ. ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ, ಮಂಡಿಯಿಂದ ಕೆಳಗಿನ ಕಾಲನ್ನು ಕುರ್ಚಿಯ ಮೇಲಿಡಿ. ಸೊಂಟ, ಮಂಡಿ ಎರಡೂ ಲಂಬಕೋನದಲ್ಲಿ ಮಡಚಿರಬೇಕು. ಹತ್ತು ನಿಮಿಷ ಹಾಗೇ ಉಸಿರಾಡುತ್ತಿದ್ದರೆ ಬೆನ್ನಿನ ಕೆಳಭಾಗ ತಾನಾಗಿ ನೆಲಕ್ಕೆ ಒರಗುವುದು ಗೊತ್ತಾಗುತ್ತದೆ. ನಂತರ ಒಂದೊಂದೇ ಮಂಡಿಯನ್ನು ಎದೆಗೆ ಅವುಚಿ 20 ಸೆಕೆಂಡ್, ಮೂರು ಮೂರು ಸಲ. ಬೆನ್ನಿನಷ್ಟೇ ಬಿಗಿದಿರುವುದು ತೊಡೆಯ ಬುಡದ ಮುಂಭಾಗ. ಒಂದು ಮಂಡಿ ದಿಂಬಿನ ಮೇಲೆ ಊರಿ, ಇನ್ನೊಂದು ಪಾದ ಮುಂದಿಟ್ಟು, ಊರಿದ ಬದಿಯ ಪೃಷ್ಠ ಬಿಗಿಮಾಡಿ ಸೊಂಟವನ್ನು ತುಸುವೇ ಮುಂದಕ್ಕೆ ತಳ್ಳಿ. ಅರ್ಧ ನಿಮಿಷ, ಎರಡೂ ಬದಿ. ಜಗ್ಗಿ ಜಗ್ಗಿ ಎಳೆಯಬಾರದು. ಮಂಡಿ ನೋವು ಹೆಚ್ಚಿನಂಶ ಕಾಲು ಒಂದೇ ಕೋನದಲ್ಲಿದ್ದುದರಿಂದ, ಒಂದೆರಡು ದಿನದ ನಡಿಗೆಯಲ್ಲೇ ಬಿಡುತ್ತದೆ.

ಕೂತ ಜಾಗದ ನೋವಿನ ಬಗ್ಗೆ ಮಾತಾಡಲು ನಾಚಿಕೆಪಟ್ಟು ಹುಣ್ಣು ಮಾಡಿಕೊಳ್ಳುವವರೇ ಹೆಚ್ಚು. ಬೆವರಿದ ಬಟ್ಟೆಯನ್ನು ಬಂದ ಕೂಡಲೇ ಬದಲಿಸಿ. ಮೃದು ಸೋಪಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಪೂರ್ತಿ ಆರಿದ ಮೇಲೆ ತರಚಿದ ಕಡೆ ಪೆಟ್ರೋಲಿಯಂ ಜೆಲ್ಲಿ ಅಥವಾ ಜಿಂಕ್ ಆಕ್ಸೈಡ್ ಕ್ರೀಮ್ ತೆಳುವಾಗಿ ಹಚ್ಚಿ, ಸಡಿಲ ಹತ್ತಿ ಬಟ್ಟೆ ಹಾಕಿಕೊಳ್ಳಿ. ಗುಳ್ಳೆ ಎದ್ದಿದ್ದರೆ ಹಿಸುಕಬೇಡಿ. ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ ಮನೆಮದ್ದಿನ ಕಾಲ ಮುಗಿಯಿತು.

ತಿಕ್ಕಿಸಿಕೊಳ್ಳುವುದಾದರೆ ಹಗುರ ಕೈಯಿಂದ, ಪಾದದಿಂದ ತೊಡೆಯ ಕಡೆಗೆ, ಅಂಗೈಯಿಂದ ಹೆಗಲ ಕಡೆಗೆ. ಒಂದು ಎಚ್ಚರ: ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಅದನ್ನು ತಿಕ್ಕಲೇಬಾರದು. ನಾಲ್ಕು ಗಂಟೆಗೂ ಮೀರಿ ಕದಲದೆ ಕೂತ ಪ್ರಯಾಣದ ನಂತರ ಅಪರೂಪಕ್ಕೆ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಜೊತೆಗೆ ಎದೆನೋವು, ಏದುಸಿರು ಬಂದರೆ ಒಂದು ಕ್ಷಣವೂ ಕಾಯಬೇಡಿ. ತೊಡೆಸಂದಿಯ ಸುತ್ತ ಮರಗಟ್ಟಿದ್ದು ಇಳಿದು ಒಂದು ಗಂಟೆಯಾದರೂ ಹೋಗದಿದ್ದರೆ, ಮೂತ್ರ ಹೊರಡುವುದು ಕಷ್ಟವಾದರೆ ಅಥವಾ ತಡೆಯಲಾಗದಿದ್ದರೆ, ಕಾಲು ಸೋತರೆ, ಬೆನ್ನಿನ ನರಗಳು ಒತ್ತಿಹೋಗಿರಬಹುದು, ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಸೀಟಿನ ಜೋಮು ಎಂದು ಬೆಳಗಿನವರೆಗೆ ಕಾದು ಕಾಲಿನ ಬಲ ಕಳೆದುಕೊಳ್ಳುವುದು ಬೇಡ.

ಮಲಗುವಾಗ ಅಂಗಾತವಾದರೆ ಮಂಡಿಯ ಕೆಳಗೆ, ಮಗ್ಗುಲಾದರೆ ಎರಡು ಮಂಡಿಯ ನಡುವೆ ದಿಂಬು. ಬೋರಲು ಮಲಗಿದರೆ ಕತ್ತು ರಾತ್ರಿಯಿಡೀ ತಿರುಚಿಕೊಂಡಿರುತ್ತದೆ. ಮಾರನೇ ದಿನ ಹಾಸಿಗೆ ಹಿಡಿಯಬೇಡಿ. ಬೆಳಿಗ್ಗೆ, ಸಂಜೆ ಹದಿನೈದಿಪ್ಪತ್ತು ನಿಮಿಷ ನಡೆಯಿರಿ, ಮೇಲಿನ ವ್ಯಾಯಾಮಗಳನ್ನು ಇನ್ನೊಮ್ಮೆ ಮಾಡಿ, ಭಾರ ಎತ್ತುವ ಕೆಲಸ ಮೂರು ದಿನ ಬಿಡಿ.

ನೋವು ಮಾಯವಾಗುವ ಮುಂಚೆಯೇ ಒಂದು ಕೆಲಸ ಮಾಡಬೇಕು. ಎಲ್ಲೆಲ್ಲಿ ನೋಯುತ್ತಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ಗಾಡಿಯ ಹತ್ತಿರ ಹೋಗಿ. ಮೈ ನೋಯುವ ಜಾಗವೇ ಗಾಡಿಯಲ್ಲಿ ಏನು ತಪ್ಪಿದೆ ಎಂದು ತೋರಿಸುತ್ತದೆ, ವಾರ ಕಳೆದರೆ ಇಬ್ಬರೂ ಮರೆತುಬಿಡುತ್ತೀರಿ, ನೀವೂ ನಿಮ್ಮ ಮೈಯೂ. ಬಾಲದ ಮೂಳೆ ನೋಯುತ್ತಿದ್ದರೆ ಸೀಟಿನ ಫೋಮ್ ಕುಸಿದಿದೆ. ಮೆತ್ತಗಿನ ಸೀಟು ಬೇಕೆಂದುಕೊಳ್ಳುವುದು ತಪ್ಪು, ಗಟ್ಟಿ ಫೋಮೇ ಭಾರವನ್ನು ಕೂರುವ ಎರಡು ಮೂಳೆಗಳ ಮೇಲೆ ಹಂಚುತ್ತದೆ. ಒಂದೇ ಬದಿಯ ಪೃಷ್ಠ ನೋಯ್ದು ನೋವು ತೊಡೆಗಿಳಿದರೆ ಹಿಂದಿನ ಜೇಬಿನ ಪರ್ಸು ಮುಂದಕ್ಕೆ ಬರಲಿ. ಹೆಗಲ ಮೇಲ್ಭಾಗ ಉರಿದರೆ ಬೆನ್ನಿಗೆ ಹಾಕಿದ ಚೀಲವನ್ನು ಇಳಿಸಿ ಹಿಂದಿನ ಸೀಟಿಗೆ ಕಟ್ಟಿ. ಬೆನ್ನಿಗೆ ಪ್ರತಿ ಗುಂಡಿಯೂ ತಟ್ಟಿದ್ದರೆ ಟೈರಿನ ಗಾಳಿ ನೋಡಿ, ತಣ್ಣಗಿರುವಾಗ, ಗಾಡಿಯ ಪಟ್ಟಿಯಲ್ಲಿ ಬರೆದ ಅಳತೆಗೆ ಸರಿಯಾಗಿ. ಗುಂಯ್‌ಗುಟ್ಟುವ ಕೈಗೆ ಹ್ಯಾಂಡಲ್ ತುದಿಯ ತೂಕದ ಬಿಲ್ಲೆ ಸಡಿಲವಾಗಿದೆಯೇ, ಎಂಜಿನ್ ಹಿಡಿದಿಡುವ ಬೋಲ್ಟ್ ಬಿಗಿಯಾಗಿದೆಯೇ, ಗ್ರಿಪ್ ಕಲ್ಲಾಗಿದೆಯೇ ನೋಡಿಸಿ.

ಮಣಿಕಟ್ಟು ನೋಯುವವರು ಹ್ಯಾಂಡಲಿನ ಬ್ರೇಕ್, ಕ್ಲಚ್ ಲಿವರ್ ಸರಿಮಾಡಿಕೊಳ್ಳಬೇಕು. ಗಾಡಿಯನ್ನು ನಡುಸ್ಟ್ಯಾಂಡಿನಲ್ಲಿ ನಿಲ್ಲಿಸಿ ಓಡಿಸುವಂತೆಯೇ ಕೂತು, ಕಣ್ಣು ಮುಚ್ಚಿ ಕೈ ಹ್ಯಾಂಡಲಿಗೆ ಚಾಚಿ ಬೆರಳು ನೀಡಿ. ಬೆರಳು ಲಿವರಿನ ಮೇಲೆಯೇ ಬೀಳಬೇಕು, ಮುಂಗೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಎಳೆದಂತಿರಬೇಕು. ಲಿವರ್ ಮೇಲಿದ್ದರೆ ಅದರ ಕ್ಲ್ಯಾಂಪಿನ ಬೋಲ್ಟ್ ಅರ್ಧ ಸುತ್ತು ಸಡಿಲಿಸಿ, ಕೆಳಕ್ಕೆ ತಿರುಗಿಸಿ, ಮತ್ತೆ ಬಿಗಿಮಾಡಿ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಲಿವರ್ ಎಲ್ಲೂ ತಾಗದು, ಕೇಬಲ್ ಎಳೆಯದು ಎಂದು ಖಚಿತಪಡಿಸಿಕೊಳ್ಳಿ. ಬ್ರೇಕ್, ಕ್ಲಚ್ ಎರಡೂ ಮೊದಲಿನಂತೆ ಹಿಡಿಯುತ್ತಿವೆಯೇ ಎಂದು ನೋಡಿಯೇ ಹೊರಡಿ. ಮೊದಲ ಐದು ಕಿಲೋಮೀಟರಿನಲ್ಲಿ, ರಸ್ತೆ ಖಾಲಿ ನೇರವಾಗಿರುವ ಕಡೆ, ಮೊಣಕೈ ಎರಡನ್ನೂ ತುಸು ಅಲುಗಿಸಿ ನೋಡಿ. ಹ್ಯಾಂಡಲ್ ಅದರ ಜೊತೆಗೇ ಅಲುಗಿದರೆ ಇನ್ನೂ ಬಿಗಿಹಿಡಿದಿದ್ದೀರಿ, ಮಂಡಿಯಿಂದ ಟ್ಯಾಂಕ್ ಅವುಚಿ ಕೈ ಸಡಿಲಬಿಡಿ. ಒಂದು ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆದರೆ ಮುಂದಿನ ಸಲ ಚೀಟಿಯಲ್ಲಿ ಬರೆಯಬೇಕಾದ್ದು ಬಹಳ ಕಡಿಮೆ ಇರುತ್ತದೆ.