ಲಾರಿಯ ಕಂಟೇನರ್ ಬಾಡಿಯಲ್ಲಿ (ಹಿಂದಿನ ಮುಚ್ಚಿದ ತಗಡಿನ ಪೆಟ್ಟಿಗೆಯಲ್ಲಿ) ಮಲಗೋ ಜಾಗ ಮಾಡಿಸೋರಿಗೆ

ಮಂಚವನ್ನು ಕ್ಯಾಬಿನ್ ಕಡೆಯ ಗೋಡೆಗೆ ಅಡ್ಡಲಾಗಿ ಕೂರಿಸಿ. ಒಂದಿಂಚಿನ ಚೌಕ ಪೈಪಿನ ಫ್ರೇಮು, ಮೇಲೆ 18 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್. ಫ್ರೇಮನ್ನು ತಗಡಿಗಲ್ಲ, ಬಾಡಿಯ ಕಂಬಗಳಿಗೇ ಬೋಲ್ಟ್ ಮಾಡಿ. ನೈಲಾಕ್ ನಟ್ಟೇ (ಒಳಗೆ ನೈಲಾನ್ ಬಳೆ ಇರುವ ನಟ್ಟು) ಇರಲಿ, ಸಾದಾ ನಟ್ಟು ಕುಲುಕಾಟಕ್ಕೆ ಸಡಿಲವಾಗುತ್ತದೆ.

ಗಾಳಿಗೆ ಎರಡು ಕಿಂಡಿ ಬೇಕೇ ಬೇಕು: ಒಂದು ಕೆಳಗೆ, ಇನ್ನೊಂದು ಎದುರು ಗೋಡೆಯಲ್ಲಿ ಮೇಲೆ. ಕೆಳಗಿನದು ಸೈಲೆನ್ಸರ್ ಬದಿಗೆ ಬೇಡ, ಹೊಗೆ ಒಳಗೆ ಬರುತ್ತದೆ. ಒಂದೇ ಕಿಂಡಿ ಬಿಟ್ಟರೆ ಉಸಿರಿನ ತೇವ ತಗಡಿನ ಮೇಲೆ ಹನಿಗಟ್ಟಿ, ಬೆಳಗಾಗುವಷ್ಟರಲ್ಲಿ ಹಾಸಿಗೆಯ ಅಂಚು ಒದ್ದೆ. ಹಿಂಬಾಗಿಲ ಚಿಲಕ ಸಾಮಾನ್ಯವಾಗಿ ಹೊರಗಷ್ಟೇ ಇರುತ್ತದೆ. ಒಳಗಿನಿಂದಲೂ ತೆಗೆಯುವ ಹಿಡಿ ಮಾಡಿಸದೆ ಒಂದು ರಾತ್ರಿಯೂ ಮಲಗಬೇಡಿ. ಸ್ಟೌ, ಸೊಳ್ಳೆಬತ್ತಿ ಒಳಗೆ ಬೇಡವೇ ಬೇಡ. ಕಿಂಡಿಗೆ ಜಾಲರಿ ಹೊಡೆಸಿ. ಇದು ನಿಂತ ಗಾಡಿಯಲ್ಲಿ, ಇಂಜಿನ್ ಆಫ್ ಮಾಡಿ ಮಲಗೋಕೆ ಮಾತ್ರ. ಗೋಡೆ ಕೊರೆಯುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.