ಬೆದರಿದ ನಾಯಿ ಮನೆಗೆ ಬಂದರೆ: ಮೊದಲು ಒಂದು ಮೂಲೆ, ಆಮೇಲೆ ಮುದ್ದು

ಗಣಪತಿ ಹಬ್ಬದ 11ನೇ ದಿನದ ಮೆರವಣಿಗೆ ಮುಗಿದ ಮರುದಿನ ಹುಬ್ಬಳ್ಳಿಯ ಗೆಳೆಯರ ವಾಟ್ಸ್‌ಆ್ಯಪ್ ಗುಂಪು ನೋಡಿ. ಮಗಳ ಪರೀಕ್ಷೆ, ನಳದ ನೀರು ಬಾರದ ಗೋಳು, ಅದರ ನಡುವೆ ಒಂದು ಮೆಸೇಜು: "ಗೇಟಿನ ಒಳಗ ನಾಯಿ ಬಂದು ಕುಂತೈತಿ, ಗಡಗಡ ನಡಗಾಕತ್ತೈತಿ, ಏನ್ ಮಾಡ್ಲಿ?" ಪಟಾಕಿ, ಡಿಜೆ ಸದ್ದಿಗೆ ಬೆದರಿ ಓಡಿಬಂದ ನಾಯಿ ಅದು. ಹೋಳಿ ಹೊತ್ತಿನ ಹಲಗೆ, ಜಗ್ಗಲಿಗಿ ಸದ್ದಿಗೂ ಇದೇ ಕಥೆ. ಗುಂಪಿನಲ್ಲಿ ಉತ್ತರಗಳಿಗೇನೂ ಬರವಿಲ್ಲ. ಅರ್ಧ ಸರಿ ಇರುತ್ತವೆ, ಅರ್ಧ ಅಪಾಯ.

ಮೊದಲು ದೂರದಿಂದಲೇ ನೋಡಿ

ಜೊಲ್ಲು ಸುರಿಯುತ್ತಿದೆಯೇ? ನುಂಗಲು ಕಷ್ಟಪಡುತ್ತಿದೆಯೇ? ದನಿ ಬದಲಾಗಿದೆಯೇ, ತೂರಾಡುತ್ತಿದೆಯೇ? ಹಾಗಿದ್ದರೆ ಮುಟ್ಟಲೇಬೇಡಿ, ರೇಬಿಸ್ ಇರಬಹುದು. ಪಶು ವೈದ್ಯರಿಗೆ ತಿಳಿಸಿ. ಕಚ್ಚಿದರೆ ಅಥವಾ ಪರಚಿದರೆ ಗಾಯಕ್ಕೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ ಹಚ್ಚುವ ಉಪಾಯ ಯಾರೇ ಹೇಳಲಿ, ಕೇಳಬೇಡಿ.

ಕೊರಳಲ್ಲಿ ಬೆಲ್ಟ್ ಇದ್ದರೆ ಸಾಕಿದವರು ಹುಡುಕುತ್ತಿರುತ್ತಾರೆ. ಫೋಟೊ ತೆಗೆದು ಓಣಿಯ ಗುಂಪುಗಳಿಗೆ ಹಾಕಿ. ಇಂಥ ಕೆಲಸಕ್ಕೆ ವಾಟ್ಸ್‌ಆ್ಯಪ್‌ನಷ್ಟು ಉಪಯೋಗ ಬೇರೆ ಯಾವುದೂ ಇಲ್ಲ.

ಒಂದು ಮೂಲೆ ಕೊಡಿ

ಸಾಕುವುದು ಅಂತ ತೀರ್ಮಾನಿಸಿದರೆ ಮೆಟ್ಟಿಲ ಕೆಳಗೋ ಹಿತ್ತಲ ಕೋಣೆಯಲ್ಲೋ ಜಾಗ ಮಾಡಿ. ಹಳೆ ಕೌದಿ ಹಾಸಿ, ನೀರಿಡಿ. ಜನ ಓಡಾಡುವ ದಾರಿ ಬೇಡ. ಸರಪಳಿ ಹಾಕಿ ಕಟ್ಟಬೇಡಿ. ತಪ್ಪಿಸಿಕೊಳ್ಳಲು ದಾರಿಯಿಲ್ಲ ಅನ್ನಿಸಿದ ನಾಯಿಗೆ ಉಳಿಯುವುದು ಕಚ್ಚುವುದೊಂದೇ. ಬಂದ ನೆಂಟರಿಗೆ ತೋರಿಸುವ ಆಸೆಯನ್ನು ಸ್ವಲ್ಪ ದಿನ ತಡೆದುಕೊಳ್ಳಿ. ಹೊಸ ಮನೆಯಲ್ಲಿ ಗಾಬರಿ ತಗ್ಗಲು 3 ದಿನ, ದಿನಚರಿ ರೂಢಿಯಾಗಲು 3 ವಾರ, ಮನೆ ತನ್ನದು ಅನ್ನಿಸಲು 3 ತಿಂಗಳು ಅಂತ ನಾಯಿ ಸಾಕುವವರು ಒಂದು ಅಂದಾಜು ಹೇಳುತ್ತಾರೆ. ಕೆಲವಕ್ಕೆ ಇನ್ನೂ ಜಾಸ್ತಿ ಬೇಕು.

ಹತ್ತಿರ ಹೋಗಬೇಡಿ, ಅದೇ ಬರಲಿ

ಬಹಳ ಜನ ಎಡವುವುದು ಇಲ್ಲೇ. ಪಾಪ ಅಂತ ನೇರ ಹೋಗಿ, ಬಗ್ಗಿ, ತಲೆ ಸವರುತ್ತಾರೆ. ನಾಯಿಗೆ ಅದು ಮೇಲೆ ಬಿದ್ದಂತೆ ಕಾಣುತ್ತದೆ. ಸ್ವಲ್ಪ ದೂರದಲ್ಲಿ, ಅದಕ್ಕೆ ಓರೆಯಾಗಿ, ನೆಲದ ಮೇಲೆ ಕುಳಿತುಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಪೇಪರ್ ಓದಿ, ಶೇಂಗಾ ಸುಲಿಯಿರಿ, ಸುಮ್ನೆ ಇರಿ. ಆಗಾಗ ಒಂದು ರೊಟ್ಟಿ ಚೂರೋ ಬೇಯಿಸಿದ ಮೊಟ್ಟೆಯ ತುಂಡೋ ಅದರ ಕಡೆ ಉರುಳಿಸಿ.

ನಿದ್ದೆ ಬಾರದಿದ್ದರೂ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಗಣ್ಣಲ್ಲಿ ನೋಡುವುದು, ಇವೆಲ್ಲ "ಸಾಕು, ದೂರ ಇರು" ಅನ್ನುವ ಗುರುತುಗಳು. ಗುರ್ ಅಂದರೆ ಗದರಬೇಡಿ, ಹಿಂದೆ ಸರಿಯಿರಿ. ಗುರುಗುಟ್ಟಿದ್ದಕ್ಕೆ ಏಟು ತಿಂದ ನಾಯಿ ಮುಂದೆ ಎಚ್ಚರಿಕೆ ಕೊಡದೆ ಕಚ್ಚುವುದನ್ನು ಕಲಿಯಬಹುದು. "ನಾಲ್ಕು ಬಡದು ಬುದ್ಧಿ ಕಲಸ್ರಿ" ಅನ್ನುವ ಅಣ್ಣ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನ ಮಾತಿಗೆ ಒಂದು ನಮಸ್ಕಾರ ಹಾಕಿ ಮುಂದೆ ಹೋಗಿ.

ಹೆದರಿದಾಗ ಅದಾಗಿಯೇ ನಿಮ್ಮ ಪಕ್ಕ ಬಂದರೆ ಮಾತ್ರ ಧಾರಾಳವಾಗಿ ಸವರಿ. ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಅನ್ನುವುದು ಸುಳ್ಳು.

ಊಟ

ಅನ್ನ-ಮೊಸರು, ರೊಟ್ಟಿ, ಮೊಟ್ಟೆ ಸಾಕು, ಉಪ್ಪು-ಖಾರ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತ ಕೆಡಿಸುತ್ತವೆ. ಮಿಕ್ಕ ಪಲ್ಯ ಕಲಸಿ ಹಾಕುವ ರೂಢಿ ನಮ್ಮಲ್ಲಿದೆ. ಆದರೆ ಉಳ್ಳಾಗಡ್ಡಿ ಇಲ್ಲದ ಪಲ್ಯ ನಮ್ಮ ಕಡೆ ಎಲ್ಲಿದೆ ಹೇಳಿ? ದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ.

ಸದ್ದಿನ ಅಭ್ಯಾಸ

ರೂಢಿಯಾಗಲಿ ಅಂತ ಮೆರವಣಿಗೆಗೇ ಕರೆದೊಯ್ದರೆ ಕೆಲಸ ಕೆಡುತ್ತದೆ. ಫೋನಿನಲ್ಲಿ ಪಟಾಕಿ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ತಿನ್ನಲು ಕೊಡಿ. ಆರಾಮಾಗಿ ತಿಂದರೆ ಕೆಲವು ದಿನ ಬಿಟ್ಟು ಚೂರು ಏರಿಸಿ. ತಿನ್ನುವುದು ನಿಲ್ಲಿಸಿದರೆ ಸದ್ದು ಜಾಸ್ತಿ ಆಯಿತು ಅಂತ ಅರ್ಥ, ಹಿಂದಿನ ಮಟ್ಟಕ್ಕೇ ಇಳಿಸಿ. ವಾಕಿಂಗ್‌ಗೂ ಇದೇ ಲೆಕ್ಕ. ಸಂಜೆಯ ಉಣಕಲ್ ಕೆರೆ ದಂಡೆ ಈಗಲೇ ಬೇಡ, ಬೆಳಗಿನ ಜಾವ ನಿಮ್ಮ ಓಣಿಯೇ ಸಾಕು. ಬೆದರಿದ ನಾಯಿ ಬೆಲ್ಟಿನಿಂದ ತಲೆ ನುಸುಳಿಸಿ ಓಡಬಹುದು. ಅದಕ್ಕೇ ಎದೆಗೆ ಕಟ್ಟುವ ಪಟ್ಟಿ ಒಳ್ಳೆಯದು.

ಗುಂಪಿಗೆ ಏನು ಬರೆಯಬೇಕು

"ಪಾಪ, ಇನ್ನೂ ಹೆದರುತ್ತದೆ" ಅಂದರೆ ಅಳುವ ಮುಖದ ಇಮೋಜಿ ಬರುತ್ತವೆ, ಅಷ್ಟೇ. "ಕುಕ್ಕರ್ ಸೀಟಿಗೆ ಮಂಚದ ಕೆಳಗೆ ಹೋಯಿತು, 10 ನಿಮಿಷಕ್ಕೆ ಹೊರಗೆ ಬಂತು, ರಾತ್ರಿ ಊಟ ಮಾಡಿತು" ಅಂತ ಬರೆಯಿರಿ. ಹೆದರಿದ್ದು ಯಾವುದಕ್ಕೆ, ಸುಧಾರಿಸಿದ್ದು ಎಷ್ಟು ಹೊತ್ತಿಗೆ, ಉಂಡಿತೋ ಇಲ್ಲವೋ. ತಿಂಗಳ ನಂತರ ಅದೇ ನಿಮ್ಮ ಡೈರಿ ಆಗುತ್ತದೆ. ಔಷಧಿ ಮಾತ್ರ ಗುಂಪಿನಲ್ಲಿ ಕೇಳಬೇಡಿ. ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು.

ಇದ್ದಕ್ಕಿದ್ದಂತೆ ಸಿಡುಕುವ ನಾಯಿಗೆ ಕಿವಿ ಸೋಂಕು, ಹಲ್ಲು ನೋವು, ಉಣ್ಣೆ ಹುಳದಿಂದ ಬರುವ ಜ್ವರ ಇರಬಹುದು. ಮೊದಲ ವಾರದಲ್ಲೇ ಪರೀಕ್ಷೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ. ಹತ್ತಿರ ಪಶು ಆಸ್ಪತ್ರೆ ಇಲ್ಲದ ಹಳ್ಳಿಯವರು ಸಂಚಾರಿ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಬಹುದು. ಗದಗದಲ್ಲಿ ಪಶು ವೈದ್ಯಕೀಯ ಕಾಲೇಜೂ ಇದೆ. ಹಬ್ಬದ ಹೊತ್ತಿಗೆ ಹೆದರಿಕೆ ತಗ್ಗಿಸುವ ಮಾತ್ರೆ ಬೇಕಾದರೆ ಒಂದೆರಡು ವಾರ ಮುಂಚೆಯೇ ವೈದ್ಯರನ್ನು ನೋಡಿ. ಯಾವ ಪ್ರಮಾಣ ಹಿಡಿಸುತ್ತದೆ ಅಂತ ಮೊದಲೇ ಕೊಟ್ಟು ನೋಡಬೇಕಾಗುತ್ತದೆ.