ಹಳೆಯ ಬೆಕ್ಕಿರುವ ಮನೆಗೆ ಹೊಸ ಮರಿ: ಮೊದಲು ವಾಸನೆ, ಆಮೇಲೆ ಮುಖ

ಮಲೆನಾಡಿನ ತೋಟದ ಮನೆಗಳಿಗೆ ಬೆಕ್ಕಿನ ಮರಿ ಬರುವುದು ಹೆಚ್ಚಾಗಿ ನೆಂಟರ ಮನೆಯಿಂದ. ತೀರ್ಥಹಳ್ಳಿಯ ಕಡೆ ಮದುವೆಗೆ ಹೋದವರು ಹಿಂದಿರುಗುವಾಗ ಕೈಚೀಲದಲ್ಲಿ ಒಂದು ಮರಿಯನ್ನು ಹಾಕಿಕೊಂಡು ಬಂದು ಜಗಲಿಯ ಮೇಲೆ ಚೀಲ ಬಿಚ್ಚುತ್ತಾರೆ. ಮನೆಯ ಹಳೆಯ ಬೆಕ್ಕು ಓಡಿ ಬಂದು ನೋಡುತ್ತದೆ, ಬೆನ್ನು ಬಿಲ್ಲಾಗಿಸಿ ಬುಸ್ ಎನ್ನುತ್ತದೆ, ಮರಿ ಸಿಕ್ಕ ಸಂದಿಯಲ್ಲಿ ನುಸುಳಿಕೊಳ್ಳುತ್ತದೆ. 'ನಾಲ್ಕು ದಿನ ಹೋದರೆ ತಾವಾಗಿಯೇ ಹೊಂದಿಕೊಳ್ಳುತ್ತವೆ' ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಕೆಲವೊಮ್ಮೆ ಹೊಂದಿಕೊಳ್ಳುವುದೂ ಉಂಟು, ಹಳೆಯ ಬೆಕ್ಕೇ ಮನೆ ಬಿಟ್ಟು ಹೋಗುವುದೂ ಉಂಟು.

ನಮ್ಮ ಮನೆಯಲ್ಲಿ ಆ ತಪ್ಪನ್ನು ಮಾಡಿದವಳು ನಾನೇ. ನಮ್ಮ ಒಂಬತ್ತು ವರ್ಷದ ಹಳೆಯ ಬೆಕ್ಕು ಗೌರಿಯ ಮುಖದ ಹತ್ತಿರಕ್ಕೇ ಮರಿಯನ್ನು ಹಿಡಿದು 'ನೋಡು, ನಿನ್ನ ತಂಗಿ' ಎಂದೆ. ಅವಳು ಒಂದು ಗಳಿಗೆಯೂ ನಿಲ್ಲದೆ ಕೊಟ್ಟಿಗೆಯ ಅಟ್ಟ ಹತ್ತಿ ಹುಲ್ಲಿನ ರಾಶಿಯ ಹಿಂದೆ ಕುಳಿತವಳು ಎರಡು ದಿನ ಒಳಗೆ ಬರಲಿಲ್ಲ. ಮೂರನೆಯ ದಿನ ಪಶುವೈದ್ಯರಲ್ಲಿ ವಿಚಾರಿಸಿ, ಮರಿಯನ್ನು ಕೋಣೆಗೆ ಸೇರಿಸಿ, ಎಲ್ಲವನ್ನೂ ಮೊದಲಿನಿಂದ ಆರಂಭಿಸಿದೆವು. ಅದಕ್ಕೆ ಐದು ವಾರ ಹಿಡಿಯಿತು. ಆ ಕ್ರಮವನ್ನೇ ಇಲ್ಲಿ ವಿವರಿಸುತ್ತಿದ್ದೇನೆ.

ಕಾರಣವನ್ನು ತಿಳಿದುಕೊಂಡರೆ ಕ್ರಮ ತಾನಾಗಿ ಅರ್ಥವಾಗುತ್ತದೆ. ಸಾಕು ಬೆಕ್ಕಿನ ಮೂಲವಾದ ಆಫ್ರಿಕಾದ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡಿ ತನ್ನ ಎಲ್ಲೆಯನ್ನು ತಾನೇ ಕಾಯ್ದುಕೊಳ್ಳುವ ಪ್ರಾಣಿ. ಅದರ ವಂಶದ ನಮ್ಮ ಬೆಕ್ಕುಗಳೂ ತಮ್ಮ ಜಾಗವನ್ನು ಮುಖ್ಯವಾಗಿ ಮೂಗಿನಿಂದಲೇ ಗುರುತಿಸುತ್ತವೆ. ಬೆಕ್ಕು ಬಾಗಿಲ ಚೌಕಟ್ಟಿಗೆ, ಕಂಬಕ್ಕೆ, ನಮ್ಮ ಕಾಲಿಗೆ ಕೆನ್ನೆ ಉಜ್ಜುವಾಗ ಅಲ್ಲಿನ ಗ್ರಂಥಿಗಳ ವಾಸನೆಯನ್ನು ಅಂಟಿಸಿ, 'ಇದು ನನ್ನದು, ಇಲ್ಲಿ ಭಯವಿಲ್ಲ' ಎಂದು ಗುರುತು ಹಾಕುತ್ತಿರುತ್ತದೆ. ಹಾಗೆ ವರ್ಷಗಟ್ಟಲೆ ಗುರುತು ಹಾಕಿದ ಮನೆಯ ನಡುವೆ ಬೇರೆ ವಾಸನೆಯ ಜೀವವೊಂದು ಏಕಾಏಕಿ ಕಾಣಿಸಿಕೊಂಡರೆ, ಅದು ಎಷ್ಟೇ ಪುಟ್ಟದಿರಲಿ, ಹಳೆಯ ಬೆಕ್ಕಿನ ಪಾಲಿಗೆ ಒಳನುಗ್ಗಿದ ಶತ್ರುವೇ ಸರಿ. ಆದುದರಿಂದ ಮರಿಯ ವಾಸನೆ ಮನೆಗೆ ಮೊದಲು ಹಳತಾಗಬೇಕು, ಮುಖ ಆಮೇಲೆ ಕಾಣಬೇಕು.

ತರುವ ಮೊದಲು

ಮರಿಗೆ ಕನಿಷ್ಠ 8 ವಾರ ತುಂಬಿರಬೇಕು. 12 ವಾರ ತಾಯಿಯ ಜೊತೆಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಎಷ್ಟು ಜೋರಾಗಿ ಕಚ್ಚಬಹುದು, ಎಲ್ಲಿಗೆ ಆಟ ನಿಲ್ಲಿಸಬೇಕು ಎಂಬುದನ್ನು ಅದು ತಾಯಿಯಿಂದ, ಒಡಹುಟ್ಟಿದ ಮರಿಗಳಿಂದ ಕಲಿಯುತ್ತದೆ. ಹಳೆಯ ಬೆಕ್ಕು ತೀರಾ ಮುದಿಯಾಗಿದ್ದರೆ ಅಥವಾ ಕಾಯಿಲೆಯಲ್ಲಿದ್ದರೆ ಹೊಸ ಮರಿಯ ಯೋಚನೆಯನ್ನು ಬಿಡುವುದೇ ಒಳ್ಳೆಯದೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ಕಾಲವನ್ನೂ ನೋಡಬೇಕು. ಆಷಾಢದ ಮಳೆಯಲ್ಲಿ ಹಳೆಯ ಬೆಕ್ಕಿಗೆ ತೋಟಕ್ಕೆ ಹೋಗುವ ದಾರಿಯೇ ಮುಚ್ಚಿರುತ್ತದೆ; ದಿನವಿಡೀ ಒಳಗೇ ಇರಬೇಕಾದ ಆ ದಿನಗಳಲ್ಲಿ ಹೊಸಬರು ಬಂದರೆ ದೂರ ಸರಿದು ಕೂರಲು ಜಾಗವಿರುವುದಿಲ್ಲ. ಅಡಿಕೆ ಕೊಯ್ಲಿನ ಸಮಯದಲ್ಲಿ ಸುಲಿಯುವವರು, ಬೇಯಿಸುವವರು ಎಂದು ಮನೆ ತುಂಬ ಜನ. ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲಿನ ಒಂದೆರಡು ತಿಂಗಳು ನಮ್ಮ ಕಡೆಗೆ ಹೇಳಿ ಮಾಡಿಸಿದ ಕಾಲ.

ಕೋಣೆ

ಮರಿಗೆಂದು ಒಂದು ಕೋಣೆ ಬೇಕು, ಅದರ ಬಾಗಿಲು ಭದ್ರವಾಗಿ ಮುಚ್ಚುವಂತಿರಬೇಕು. ಪೇಟೆಯ ಮನೆಯಲ್ಲಿ ಇದು ಸುಲಭ. ಹಳೆಯ ಹಂಚಿನ ಮನೆಗಳಲ್ಲಿ ಕೋಣೆಗಳ ನಡುವಿನ ಗೋಡೆ ಮಾಡಿನವರೆಗೆ ಏರದೆ ಅರ್ಧಕ್ಕೇ ನಿಂತಿರುವುದರಿಂದ, ಬಾಗಿಲು ಹಾಕಿದ್ದೇವೆಂದು ನಾವು ನಿಶ್ಚಿಂತೆಯಿಂದಿದ್ದರೂ ಹಳೆಯ ಬೆಕ್ಕು ಅಟ್ಟದ ದಾರಿಯಲ್ಲಿ ಬಂದು ಗೋಡೆಯ ಮೇಲಿನಿಂದ ಮರಿಯನ್ನು ದಿಟ್ಟಿಸುತ್ತಾ ಕುಳಿತಿರುತ್ತದೆ. ಹಲಗೆಯ ಮುಚ್ಚಿಗೆಯಿರುವ ಕೋಣೆಯನ್ನೇ ಆರಿಸಿಕೊಳ್ಳಿ. ಇಲ್ಲವಾದರೆ ಮೇಲಿನ ಸಂದನ್ನು ಬಲೆಯಿಂದ ಮುಚ್ಚಿ. ಬಚ್ಚಲುಮನೆಯನ್ನಂತೂ ಮರಿಗೆ ಕೊಡಬೇಡಿ. ಹಂಡೆಯ ಒಲೆಯ ಪಕ್ಕದ ಬೆಚ್ಚನೆಯ ಜಾಗ ಹಳೆಯ ಬೆಕ್ಕಿನದು, ಅದು ಅದರದಾಗಿಯೇ ಉಳಿಯಬೇಕು.

ಕೋಣೆಯಲ್ಲಿ ಹಳೆಯ ಕಂಬಳಿ, ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ, ನೀರು, ಮತ್ತು ಇವುಗಳಿಂದ ದೂರದ ಮೂಲೆಯಲ್ಲಿ ಮಲಮೂತ್ರಕ್ಕೆಂದು ಮರಳು ತುಂಬಿದ ಅಗಲವಾದ ತಟ್ಟೆ ಇರಲಿ. ಆಹಾರದ ವಿಷಯದಲ್ಲಿ ಒಂದು ಮಾತು. ನಮ್ಮಲ್ಲಿ ಬೆಕ್ಕಿಗೆ ಹಾಲು ಅನ್ನ ಹಾಕುವುದೇ ರೂಢಿ. ತಾಯಿಯ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬೆಕ್ಕುಗಳಲ್ಲಿ ಕಡಿಮೆಯಾಗುವುದರಿಂದ ಅನೇಕ ಮರಿಗಳಿಗೆ ಹಸುವಿನ ಹಾಲಿನಿಂದಲೇ ಭೇದಿಯಾಗುತ್ತದೆ. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಅಂಶ ಮಾಂಸದಲ್ಲಿದೆ, ಅನ್ನದಲ್ಲಿಲ್ಲ. ಮಾಂಸ, ಮೀನು ಬೇಯಿಸದ ಮನೆಯವರು ಅಂಗಡಿಯಲ್ಲಿ ಸಿಗುವ ಮರಿಗಳ ಆಹಾರವನ್ನು ತಂದಿಟ್ಟುಕೊಳ್ಳಲೇಬೇಕು.

ಮೊದಲ ಎರಡು ವಾರ

ಮರಿಯನ್ನು ಹಳೆಯ ಬೆಕ್ಕು ಕಾಣದಂತೆ ನೇರವಾಗಿ ಕೋಣೆಗೆ ಒಯ್ಯಿರಿ. ಅದು ಅಲ್ಲಿ 10ರಿಂದ 14 ದಿನ ಪ್ರತ್ಯೇಕವಾಗಿರಲಿ. ಇದು ಪರಿಚಯದ ಸಿದ್ಧತೆಯಷ್ಟೇ ಅಲ್ಲ, ರೋಗದ ಎಚ್ಚರಿಕೆಯೂ ಹೌದು. ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಸ್ ಕಾಯಿಲೆ ವಾಂತಿ, ಭೇದಿಯಿಂದ ಮರಿಗಳನ್ನು ಬೇಗನೆ ಬಲಿ ತೆಗೆದುಕೊಳ್ಳುತ್ತದೆ. ಆ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಆದ್ದರಿಂದ ಮರಿಯನ್ನು ಮುಟ್ಟಿದ ಕೈಯನ್ನು ತೊಳೆದುಕೊಂಡೇ ಹಳೆಯ ಬೆಕ್ಕನ್ನು ಮುಟ್ಟಬೇಕು. ನೆಲಕ್ಕೆ ಫಿನೈಲ್ ಬೇಡ, ಅದರಲ್ಲಿರುವ ಅಂಶಗಳು ಬೆಕ್ಕುಗಳಿಗೆ ವಿಷ. ಬ್ಲೀಚಿನ 1 ಪಾಲಿಗೆ 32 ಪಾಲು ನೀರು ಬೆರೆಸಿ ಒರೆಸಿ, ನೆಲ ಪೂರ್ತಿ ಒಣಗಿದ ಮೇಲೆ ಮರಿಯನ್ನು ಬಿಡಬಹುದು. ನಾಯಿಗೆಂದು ತಂದ ಉಣ್ಣೆಯ ಔಷಧವನ್ನು ಮರಿಗೆ ಹಚ್ಚಲೇಬಾರದು. ಅಂಥ ಹಲವು ಔಷಧಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿನ ಪ್ರಾಣಕ್ಕೇ ಕುತ್ತು.

ಈ ದಿನಗಳಲ್ಲಿಯೇ ಪಶುವೈದ್ಯರಿಗೆ ತೋರಿಸಿ ಜಂತುಹುಳುವಿನ ಔಷಧ ಕೊಡಿಸಬೇಕು. ಮೊದಲ ಲಸಿಕೆ 6ರಿಂದ 8 ವಾರಕ್ಕೆ, ಆಮೇಲೆ 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ, ರೇಬೀಸ್ ಲಸಿಕೆ ಸಾಮಾನ್ಯವಾಗಿ 12 ವಾರದ ನಂತರ. ತಾಲ್ಲೂಕುಗಳ ಪಶು ಆಸ್ಪತ್ರೆಗಳಲ್ಲದೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಹಳೆಯ ಬೆಕ್ಕಿನ ಲಸಿಕೆ ತಪ್ಪಿದ್ದರೆ ಅದನ್ನೂ ಹಾಕಿಸಿಬಿಡಿ.

ವಾಸನೆಯ ವಿನಿಮಯ

ಇಡೀ ಕ್ರಮದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು. ಎರಡು ಮೆತ್ತನೆಯ ಹತ್ತಿಬಟ್ಟೆಯ ತುಂಡುಗಳನ್ನು ತೆಗೆದುಕೊಂಡು ಒಂದರಿಂದ ಮರಿಯ ಕೆನ್ನೆಯನ್ನೂ ಇನ್ನೊಂದರಿಂದ ಹಳೆಯ ಬೆಕ್ಕಿನ ಕೆನ್ನೆಯನ್ನೂ ಹಗುರವಾಗಿ ಒರೆಸಿ, ಮರಿಯ ಬಟ್ಟೆಯನ್ನು ಹಳೆಯ ಬೆಕ್ಕು ಓಡಾಡುವಲ್ಲಿ, ಅದರ ಬಟ್ಟೆಯನ್ನು ಮರಿಯ ಕೋಣೆಯಲ್ಲಿ ಇಡಿ. ಹಾಸಿಗೆಯ ಮೇಲೆ ಇಡಬೇಡಿ. ದೂರದಲ್ಲಿ ಇಟ್ಟು, ಅದು ತಾನಾಗಿಯೇ ಬಂದು ಮೂಸಲಿ. ಗೌರಿ ಮೊದಲ ದಿನ ಬಟ್ಟೆಯಿಂದ ಒಂದು ಮಾರು ದೂರ ನಿಂತು, ಕತ್ತು ಮಾತ್ರ ಮುಂದೆ ಚಾಚಿ, ಬಾಯಿಯನ್ನು ಅರೆ ತೆರೆದು, ಮೇಲ್ದುಟಿಯನ್ನು ಸುಕ್ಕಿಸಿ ಅಲ್ಲಾಡದೆ ನಿಂತಳು. ನೋಡಿದವರಿಗೆ ಅದು ಅಸಹ್ಯದ ಮುಖದಂತೆ ಕಾಣುತ್ತದೆ. ವಾಸ್ತವವಾಗಿ ಬೆಕ್ಕು ಆಗ ಅಂಗುಳಿನಲ್ಲಿರುವ ಇನ್ನೊಂದು ಘ್ರಾಣಾಂಗಕ್ಕೆ ವಾಸನೆಯನ್ನು ಎಳೆದುಕೊಂಡು ಪರೀಕ್ಷಿಸುತ್ತಿರುತ್ತದೆ. ಆಮೇಲೆ ಬುಸ್ ಎಂದು ಹೊರಟುಹೋದಳು. ಆರನೆಯ ದಿನ ಅದೇ ಬಟ್ಟೆಯನ್ನು ದಾಟಿಕೊಂಡು, ತಿರುಗಿಯೂ ನೋಡದೆ ಅಡುಗೆಮನೆಗೆ ಹೋದಳು. ನಾವು ಕಾಯಬೇಕಾದದ್ದು ಈ ನಿರ್ಲಕ್ಷ್ಯಕ್ಕೆ.

ಇಲ್ಲಿಗೆ ಬಂದ ಮೇಲೆ ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಊಟದ ತಟ್ಟೆಗಳನ್ನು ಇಡಲು ಆರಂಭಿಸಿ. ಮೊದಲು ಬಾಗಿಲಿನಿಂದ ಐದಾರು ಅಡಿ ದೂರ. ಹಳೆಯ ಬೆಕ್ಕು ತಲೆ ಎತ್ತದೆ ಉಂಡರೆ ಮಾರನೆಯ ದಿನ ಒಂದು ಗೇಣು ಹತ್ತಿರ. ಉಣ್ಣುವುದನ್ನು ಬಿಟ್ಟು ಬಾಗಿಲನ್ನೇ ನೋಡುತ್ತಿದ್ದರೆ ಹಿಂದಿನ ಜಾಗಕ್ಕೇ ಸರಿಸಿ. ಇದರ ಜೊತೆಗೆ ದಿನಕ್ಕೆ ಅರ್ಧ ಗಂಟೆ ಜಾಗವನ್ನೂ ಬದಲಿಸಿ: ಹಳೆಯ ಬೆಕ್ಕು ಹೊರಗೆ ಹೋದಾಗ ಮರಿ ನಡುಮನೆಯಲ್ಲಿ ಓಡಾಡಲಿ, ಮರಿಯನ್ನು ಬೇರೆಡೆ ಇಟ್ಟಾಗ ಹಳೆಯದು ಕೋಣೆಯನ್ನು ಮೂಸಿ ನೋಡಲಿ.

ಮುಖಾಮುಖಿ

ಮೊದಲ ನೋಟ ತಡೆಯೊಂದರ ಹಿಂದಿನಿಂದಲೇ ಆಗಬೇಕು. ಕಿಟಕಿಯ ಸೊಳ್ಳೆಪರದೆಯ ಚೌಕಟ್ಟನ್ನು ಬಾಗಿಲಿಗೆ ಅಡ್ಡಲಾಗಿ ಕಟ್ಟಿದರೂ ಸಾಕು. ಎರಡಕ್ಕೂ ಇಷ್ಟದ ತಿನಿಸು ಹಾಕಿ, ಐದು ನಿಮಿಷ ನೋಡಗೊಟ್ಟು, ಜಗಳದ ಸುಳಿವು ಕಾಣುವ ಮೊದಲೇ ಮುಚ್ಚಿಬಿಡಿ. ಹಲವು ದಿನ ಹೀಗೆ ಶಾಂತವಾಗಿ ನಡೆದ ಮೇಲೆಯೇ ತಡೆಯನ್ನು ತೆಗೆಯಬೇಕು. ಆ ದಿನ ಮರಿಯನ್ನು ಮೊದಲು ಚೆನ್ನಾಗಿ ಆಡಿಸಿ ದಣಿಸಿಡಿ, ಏಕೆಂದರೆ ಹಳೆಯ ಬೆಕ್ಕುಗಳಿಗೆ ಮರಿಯ ಮೈಮೇಲೆ ಹಾರುವ ಹುಡುಗಾಟ ಸಹಿಸದು. ಹಳೆಯದಕ್ಕೆ ಮೇಲೆ ಹತ್ತಿ ಕೂರುವ ದಾರಿ ತೆರೆದಿರಲಿ.

ಒಂದೆರಡು ಬಾರಿ ಬುಸ್ ಎನ್ನುವುದು, ಉಗುರು ಚಾಚದೆ ತಲೆಗೊಂದು ಏಟು ಕೊಡುವುದು ಸಹಜ. ಹಿರಿಯ ಬೆಕ್ಕು ಮರಿಗೆ ಮಿತಿ ಕಲಿಸುವ ರೀತಿ ಅದು, ಅದಕ್ಕಾಗಿ ಹಳೆಯದನ್ನು ಗದರಿದರೆ ಮರಿಯ ಮೇಲಿನ ಸಿಟ್ಟು ಇನ್ನೂ ಬೆಳೆಯುತ್ತದೆ. ಕಿವಿ ತಲೆಗೆ ಒತ್ತಿಕೊಂಡು, ಕಣ್ಣು ಪಿಳುಕಿಸದೆ, ಬಾಲದ ತುದಿಯನ್ನು ಬಡಿಯುತ್ತಾ ಮೈಯನ್ನು ನೆಲಕ್ಕೆ ಇಳಿಸಿದರೆ ಮಾತ್ರ ತಡೆಯಬೇಕು. ಆಗ ಕೈ ಹಾಕಬೇಡಿ. ಬೆಕ್ಕಿನ ಹಲ್ಲಿನ ಗಾಯ ಆಳವಾಗಿ ಬೇಗ ಕೀವು ಕಟ್ಟುತ್ತದೆ. ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ವೈದ್ಯರಿಗೆ ತೋರಿಸಬೇಕು. ನಾವು ಅಡುಗೆಮನೆಯ ಮೊರವನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆವು. ಅದನ್ನು ಎರಡರ ನಡುವೆ ಮೆಲ್ಲಗೆ ಇಳಿಸಿದರೆ ಒಂದರ ನೋಟದಿಂದ ಇನ್ನೊಂದು ಮರೆಯಾಗುತ್ತದೆ, ಜಗಳ ಅಲ್ಲಿಗೇ ನಿಲ್ಲುತ್ತದೆ.

ಆಮೇಲೆ

ಎರಡು ಬೆಕ್ಕಿಗೆ ಮೂರು ಮರಳಿನ ತಟ್ಟೆ ಎಂಬುದು ಪಶುವೈದ್ಯರು ಹೇಳುವ ಲೆಕ್ಕ. ಅವು ಬೇರೆ ಬೇರೆ ಕಡೆ ಇರಲಿ, ಊಟದ ತಟ್ಟೆಗಳೂ ಹಾಗೆಯೇ. ಚಿರತೆ ಅಂಗಳದವರೆಗೂ ಬರುವ ಊರುಗಳಲ್ಲಿ ರಾತ್ರಿ ಎರಡೂ ಒಳಗಿರಬೇಕಾಗುತ್ತದೆ. ಪೂರ್ತಿ ನಂಬಿಕೆ ಬರುವವರೆಗೆ ಮರಿ ತನ್ನ ಕೋಣೆಯಲ್ಲೇ ಮಲಗಲಿ.

ಈ ವಾರಗಳಲ್ಲಿ ಕಣ್ಣು ಹಳೆಯ ಬೆಕ್ಕಿನ ಮೇಲೆಯೇ ಇರಬೇಕು. ಅದು ಒಂದು ಇಡೀ ದಿನ ಏನೂ ತಿನ್ನದಿದ್ದರೆ ವೈದ್ಯರನ್ನು ಕೇಳಿ, ಏಕೆಂದರೆ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿಗೆ ಕೆಲವೇ ದಿನಗಳಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಕುಕ್ಕರಗಾಲಿನಲ್ಲಿ ಕುಳಿತು ಮುಲುಕುತ್ತಿದ್ದು ಮೂತ್ರ ಬಾರದಿದ್ದರೆ ಬೆಳಗಿನವರೆಗೆ ಕಾಯಲೇಬಾರದು.

ಎಲ್ಲ ಬೆಕ್ಕುಗಳೂ ಕೊನೆಗೆ ಒಂದರ ಮೈಗೊಂದು ಅಂಟಿ ಮಲಗುತ್ತವೆಂದು ನಿರೀಕ್ಷಿಸಬಾರದು. ನಮ್ಮಲ್ಲಿ ಗೌರಿ ಒಲೆಯ ಬಲಕ್ಕೆ, ಮರಿ ಎಡಕ್ಕೆ. ನಡುವೆ ಒಂದು ಮೊಳ ಜಾಗ ಈಗಲೂ ಇದೆ. ಎರಡೂ ಕಣ್ಣು ಮುಚ್ಚಿ ನಿದ್ರಿಸುತ್ತವೆ, ಅಷ್ಟು ಸಾಕು.

ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದಾದ್ದರಿಂದ ಐದು ತಿಂಗಳೊಳಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ. ಅಂದು ಅದು ಆಸ್ಪತ್ರೆಯ ವಾಸನೆ ಹೊತ್ತು ಮನೆಗೆ ಬರುತ್ತದೆ, ಹಳೆಯ ಬೆಕ್ಕು ಅದನ್ನು ಗುರುತಿಸದೆ ಮತ್ತೆ ಬುಸ್ ಎನ್ನಬಹುದು. ಒಂದು ರಾತ್ರಿ ಹಿಂದಿನ ಕೋಣೆಯಲ್ಲೇ ಬೇರೆಯಾಗಿ ಮಲಗಿಸಿ, ಹಳೆಯ ಬೆಕ್ಕು ಮಲಗುವ ಬಟ್ಟೆಯಿಂದ ಗಾಯಕ್ಕೆ ತಾಗದಂತೆ ಅದರ ಕೆನ್ನೆ, ಬೆನ್ನನ್ನು ಒರೆಸಿ, ಮಾರನೆಯ ದಿನ ಹೊರಗೆ ಬಿಡಿ.